ಗೋಳ ಸರಿದಿದೆಯೇ?

ಮಾರ್ಚ್ ತಿಂಗಳ ಸೋಮವಾರ, ಎಲ್ಗೊಯ್ಬಾರ್.
ಹೊರಗೆ ಶಿರಿಮಿರಿ,
ಬಿದ್ದೂ ಬೀಳದ ಹನಿಗೆ ನಮ್ಮ ಕಡೆಯ ಹೆಸರು,
ದೇಬಾ ನದಿಯ ಮೇಲೆ, ಕಾರ್ಖಾನೆಗಳ ತಗಡುಮಾಡಿನ ಮೇಲೆ.
ಒಳಗೆ, ಅಳತೆಯ ಕೋಣೆಯಲ್ಲಿ, ವರ್ಷವಿಡೀ ಒಂದೇ ಋತು:
ಇಪ್ಪತ್ತು ಡಿಗ್ರಿ.
ಎರಕದ ಕವಚಗಳು ಕೂಡ ರಾತ್ರಿಯೆಲ್ಲ ಇಲ್ಲಿ ಮಲಗಿ
ಮೈಬಿಸಿ ಇಳಿಸಿಕೊಂಡ ಮೇಲೆಯೇ ಮೇಜು ಹತ್ತಬೇಕು.

ನನಗಾಗ ಹತ್ತೊಂಬತ್ತು. ನೆಕಾನೆಗೆ ಐವತ್ತನಾಲ್ಕು.
ಕನ್ನಡಕಕ್ಕೆ ದಾರ, ಬಿಳಿ ಕೋಟಿನ ಜೇಬಲ್ಲಿ ಕರಿ ಪೆನ್ನೊಂದೇ.
ಮೊದಲ ದಿನ ಅವಳು ಕಲಿಸಿದ್ದು ಅಳೆಯುವುದನ್ನಲ್ಲ,
ಒರೆಸುವುದನ್ನು.
"ಕೂದಲೆಳೆಯಷ್ಟು ಅಂತೀಯಾ, ಓಯೆರ್?
ಇಲ್ಲಿ ಕೂದಲೆಂದರೆ ತೊಲೆ."

ಯಂತ್ರದ ತೋಳಿನ ತುದಿಗೆ ನಕ್ಷತ್ರದ ಹಾಗೆ ಐದು ಕಡ್ಡಿ,
ಕೆಳಕ್ಕೊಂದು, ದಿಕ್ಕಿಗೊಂದು,
ಒಂದೊಂದರ ತುದಿಗೂ ಮೆಣಸುಕಾಳಿನಷ್ಟು ಮಾಣಿಕ್ಯ.
ಮುಖ ಬೇರೆ ಬೇರೆ ಕಡೆಗೆ,
ಯಾವುದಕ್ಕೂ ತಾನೆಲ್ಲಿದ್ದೇನೆಂದು ತಿಳಿಯದು
ಗೋಳವನ್ನು ಮುಟ್ಟುವವರೆಗೆ.

ಗ್ರಾನೈಟಿನ ಮೇಲೆ ಗೇಣುದ್ದ ಕಂಬ,
ಕಂಬದ ಮೇಲೆ ಬಿಳಿ ಸೆರಾಮಿಕ್ ಗೋಳ.
ತುದಿ ಒಂದು ಬರುತ್ತದೆ. ತಾಗುತ್ತದೆ. ಟಿಕ್.
ಮುಟ್ಟಿದರೆ ಮುನಿಯ ಎಲೆಯಂತೆ ಹಿಂದಕ್ಕೆ ಸೆಳೆದುಕೊಳ್ಳುತ್ತದೆ.
ಸೊಂಟದ ಸುತ್ತ ಎಂಟು ಸಲ, ಭುಜದ ಸುತ್ತ ನಾಲ್ಕು, ನೆತ್ತಿಗೊಂದು.
ಆಮೇಲೆ ಎರಡನೆಯದು, ಮೂರನೆಯದು...
ಎಲ್ಲವೂ ಮುಟ್ಟಿದ್ದು ಒಂದೇ ಗೋಳವಾದ್ದರಿಂದ
ಐದಕ್ಕೂ ತಮ್ಮ ತಮ್ಮ ನಡುವಿನ ದೂರ ಗೊತ್ತಾಗುತ್ತದೆ.

ನಾಲ್ಕು ಮಿಲಿಮೀಟರಿನ ಮಾಣಿಕ್ಯ
ಪರದೆಯ ಮೇಲೆ 3.986.
ಯಾಕೆ ಕುಗ್ಗಿತು, ಕೇಳಿದೆ.
"ಕುಗ್ಗಿಲ್ಲ. ತಾಗುವುದಕ್ಕೂ ತಾಗಿತೆಂದು ಹೇಳುವುದಕ್ಕೂ ನಡುವೆ
ಕಡ್ಡಿ ಒಂಚೂರು ಬಾಗುತ್ತದಲ್ಲ, ಅದನ್ನೂ ಹಿಡಿದ ಲೆಕ್ಕ.
ಬಾಗದ ಕಡ್ಡಿಯನ್ನು ಯಾರೂ ಮಾಡಿಲ್ಲ.
ಎಷ್ಟು ಬಾಗುತ್ತದೆಂದು ಬರೆದಿಡು, ಸಾಕು."

ಆ ಸೋಮವಾರ ಹನ್ನೊಂದು ಕವಚ ತಿರಸ್ಕಾರ.
ಎಲ್ಲದರಲ್ಲೂ ಅದೇ: ಪಕ್ಕದ ತೂತು ನಲವತ್ತು ಮೈಕ್ರಾನ್ ಆಚೆ.
ಕೆಳಗಿನಿಂದ ಇಸಿದ್ರೊ ಬಂದು ಬಾಗಿಲ ಗಾಜಿನಾಚೆ ನಿಂತು ಬೈದ,
ಮಾತು ಕೇಳಿಸಲಿಲ್ಲ, ಮೀಸೆ ಕಾಣಿಸಿತು.
ಬೆಳಿಗ್ಗೆ ಪಕ್ಕದ ನಾಲ್ಕು ತುದಿಗಳನ್ನಷ್ಟೇ
ನೆಕಾನೆ ಮತ್ತೆ ಒರೆಗೆ ಹಚ್ಚಿದ್ದಳು;
ಒಂದೊಂದೂ ತನ್ನ ಪಾಡಿಗೆ ನಿಷ್ಕಳಂಕ,
ಒಂದು ಮೈಕ್ರಾನೂ ಹೆಚ್ಚುಕಡಿಮೆ ಇಲ್ಲ.

"ಶುಕ್ರವಾರ ಮೊಣಕೈ ತಾಗಿಸಿದೆಯಾ?"
ಇಲ್ಲ ಅಂದೆ. ಅಂದ ಮೇಲೆ ನನಗೇ ಅನುಮಾನ.
ಹತ್ತೊಂಬತ್ತರಲ್ಲಿ ಮೊಣಕೈ ಎಲ್ಲೆಲ್ಲಿರುತ್ತದೋ ಯಾರು ಬಲ್ಲರು.
ಮೆಟ್ಟಿಲ ಮೇಲೆ ಒಬ್ಬನೇ ಕೂತು
ಅಮ್ಮ ಕಟ್ಟಿಕೊಟ್ಟ ಮೊಟ್ಟೆಯ ಬ್ರೆಡ್ಡನ್ನು ಅರ್ಧ ತಿಂದೆ.

ಮೂರು ಗಂಟೆಗೆ ಅವಳು ಮತ್ತೆ ಶುರು ಮಾಡಿದಳು.
ಯಂತ್ರ ದಿನವೂ ಕೇಳುವುದನ್ನೇ ಕೇಳಿತು:
ಗೋಳ ಸರಿದಿದೆಯೇ? ಹೌದು. ಇಲ್ಲ.
ಇಪ್ಪತ್ತೆಂಟು ವರ್ಷ ಇಲ್ಲ ಎಂದೇ ಒತ್ತಿದ ಬೆರಳು
ಗುಂಡಿಯ ಮೇಲೆ ಬಂದು,
ನಿಂತಿತು.

ಶನಿವಾರ. ರಜೆಯ ದಿನ. ಒಬ್ಬಳೇ ಬಂದಿದ್ದಳು.
ಗೋಳವನ್ನು ತಿರುಪಿ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ,
ಮತ್ತೆ ಕೂರಿಸಿ, ದೀಪ ಆರಿಸಿ ಹೋಗಿದ್ದಳು.

ಕರಿ ಪೆನ್ನು ತೆಗೆದಳು. ದಾಖಲೆಯ ಪುಸ್ತಕದಲ್ಲಿ,
ತಾಪಮಾನದ ಕಾಲಮ್ಮನ್ನೂ ದಾಟಿದ ಅಕ್ಷರಗಳಲ್ಲಿ:
ಗೋಳ ಸರಿದಿತ್ತು. ಸರಿಸಿದ್ದು ನಾನು.
ಹನ್ನೊಂದು ಕೆಂಪು ಚೀಟಿಗಳನ್ನು ತಾನೇ ಕಿತ್ತುಕೊಂಡು
ಕೋಟಿನಲ್ಲೇ ಹನಿಯಲ್ಲಿ ಅಂಗಳ ದಾಟಿ
ಇಸಿದ್ರೊನ ಹತ್ತಿರ ಹೋದಳು.
ನನಗೇನೂ ಹೇಳಲಿಲ್ಲ.

ಮರುದಿನ ಕುರ್ಚಿ ಬಿಟ್ಟು ಎದ್ದಳು. "ನೀನು ಒತ್ತು."
ಗೋಳವನ್ನು ಬಹಳ ಹೊತ್ತು ನೋಡಿದೆ.
ಅದು ಇದ್ದಲ್ಲೇ ಇತ್ತು, ನನಗೆ ಗೊತ್ತಿತ್ತು.
ಆದರೂ ಹೌದು ಎಂದೇ ಒತ್ತಿದೆ.
ಮೊದಲ ತುದಿಯಿಂದ ಎಲ್ಲ ಹೊಸದಾಗಿ, ಇಪ್ಪತ್ತು ನಿಮಿಷ ದಂಡ.
ನೆಕಾನೆ ಗಡಿಯಾರ ನೋಡಿದಳು,
ಬಾಗಿಲಾಚೆ ಹೋಗಿ
ಎರಡು ಕಾಫಿ ತಂದು
ಒಂದನ್ನು ನನಗಾಗಿ ಹೊರಗೇ ಇಟ್ಟಳು.